ಮೂರು ಬೆರಳಗಲ ಹೊಳೆ

ಸ್ಮಿಲ್ಯಾಳ ಅಡುಗೆಮನೆಯ ಕಿಟಕಿ ಓರೆ. ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಗೋಡೆ ನೆಟ್ಟಗೆ ಅಂಗಳದ ಕಡೆಗೆ ಮುಖ ಮಾಡಿ ನಿಂತಿದ್ದರೆ, ಕಿಟಕಿ ಮಾತ್ರ ಯಾರೋ ಹೆಸರು ಹಿಡಿದು ಕೂಗಿದ ಹಾಗೆ ಎಡಕ್ಕೆ ಕತ್ತು ತಿರುಗಿಸಿ ಕೂತಿತ್ತು. ಗೋಡೆ ದಮ್ಮಸು ಹಾಕಿದ ಮಣ್ಣಿನದು, ಮೊಳಕ್ಕಿಂತ ದಪ್ಪ. ಆ ದಪ್ಪದೊಳಗೆ ಚೌಕಟ್ಟಿನ ಒಂದು ತುದಿ ಹೊರಗಿತ್ತು, ಇನ್ನೊಂದು ತುದಿ ಒಳಗಿತ್ತು. ಹೊಸದಾಗಿ ಬಂದವರು ನೋಡಿ ನಕ್ಕರೆ ಬೀದಿಯವರು, "ರಾದಿವೊಯ್ ಕುಡಿದಾಗ ಕೂರಿಸಿದ್ದು" ಎಂದು ಹೇಳಿ ತಾವೂ ನಗುತ್ತಿದ್ದರು. ರಾದಿವೊಯ್ ಸ್ಮಿಲ್ಯಾಳ ಗಂಡ. ಬದುಕಿದ್ದಾಗ ಅವನೂ ಆ ನಗುವಿಗೆ ನಗು ಸೇರಿಸುತ್ತಿದ್ದ. ನಿಜ ಏನೆಂದು ಯಾರಿಗೂ ಹೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ಕಿಟಕಿಯ ಎದುರಿಗೆ ಪಕ್ಕದ ಮನೆಯವರ ಮೆಕ್ಕೆಜೋಳದ ಕಣಜ. ನೋಟವನ್ನೆಲ್ಲ ಅದೇ ನುಂಗಿಕೊಂಡಿತ್ತು. ಆದರೆ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತು ನೋಡಿದರೆ, ಕಣಜದ ಮೂಲೆಗೂ ಚೌಕಟ್ಟಿನ ಎಡ ಮರಕ್ಕೂ ನಡುವೆ ಒಂದು ಸಂದು. ಆ ಸಂದಿನಲ್ಲಿ ಡ್ಯಾನ್ಯೂಬ್ ಹೊಳೆ. ಮೂರು ಬೆರಳಗಲ, ಅಷ್ಟೇ. ಮೇಲಿನಿಂದ ಬರುವ ಹೊಳೆ ತಿರುವು ಹೊರಳುವ ಜಾಗ ಅದು. ಯಾವ ಹಡಗೇ ಬರಲಿ, ಊರಿನಲ್ಲಿ ಮೊದಲು ಕಾಣುವುದು ಸ್ಮಿಲ್ಯಾಳ ಕುರ್ಚಿಗೆ.

ಅವಳು ಹೊಳೆಯ ಹೆಣ್ಣಲ್ಲ. ಆಚೆ ಬಯಲಿನಿಂದ ಬಂದವಳು. ಅಲ್ಲಿ ನೆಲ ರೊಟ್ಟಿಯ ಹಲಗೆಯ ಹಾಗೆ ಮಟ್ಟ. ಗಂಡಸರು ಬೆಳಿಗ್ಗೆ ಹೊಲಕ್ಕೆ ಹೋದರೆ ಸಂಜೆಗೆ ಮನೆ. ಮದುವೆಯಾಗಿ ಬಂದಾಗ ರಾದಿವೊಯ್ 'ಲಾಸ್ತಾ' ಎಂಬ ಎಳೆಹಡಗಿನಲ್ಲಿ ಕೆಲಸಕ್ಕಿದ್ದ. ಕಲ್ಲಿದ್ದಲು, ಮರಳು, ಗೋಧಿ ತುಂಬಿದ ದೊಡ್ಡ ದೊಡ್ಡ ದೋಣಿಗಳನ್ನು ಸಾಲಾಗಿ ಕಟ್ಟಿಕೊಂಡು ಎಳೆಯುವ ಹಡಗು ಅದು. ಹೋದರೆ ವಾರಗಟ್ಟಲೆ ಇಲ್ಲ. ಯಾವತ್ತು ಬರುತ್ತಾನೆ ಎಂದರೆ ಅತ್ತೆ ಆಕಾಶ ನೋಡುತ್ತಿದ್ದಳು. "ಹೊಳೆಯವನಿಗೆ ಕೊಟ್ಟ ಮೇಲೆ ಹೊಳೆಯನ್ನೇ ಕೇಳಬೇಕಮ್ಮ" ಎನ್ನುತ್ತಿದ್ದಳು. ಹೊಳೆಯನ್ನು ಕೇಳೋಣ ಎಂದರೆ ಆ ಅಡುಗೆಮನೆಯಲ್ಲಿ ಬೀದಿಯ ಕಡೆಗೆ ಒಂದು ಅಂಗೈಯಗಲದ ಕಿಂಡಿ ಬಿಟ್ಟರೆ ಬೇರೆ ಬೆಳಕಿರಲಿಲ್ಲ. ಸ್ಮಿಲ್ಯಾ ಈರುಳ್ಳಿ ಹೆಚ್ಚುವ ನೆವದಲ್ಲಿ ಅಳುತ್ತಿದ್ದಳು. ಈರುಳ್ಳಿ ಇಲ್ಲದ ದಿನವೂ ಅತ್ತದ್ದನ್ನು ರಾದಿವೊಯ್ ಒಮ್ಮೆ ನೋಡಿಬಿಟ್ಟ.

ಆ ಚಳಿಗಾಲ ಹೊಳೆ ಹೆಪ್ಪುಗಟ್ಟಿತು. ಹಡಗುಗಳನ್ನೆಲ್ಲ ಬಂದರಿನಲ್ಲಿ ಕಟ್ಟಿಹಾಕಿದರು. ರಾದಿವೊಯ್ ಮನೆಯಲ್ಲಿ ಉಳಿದ. ಬಂದರಿನಲ್ಲಿ ಒಡೆದುಹಾಕಿದ್ದ ಹಳೆಯ ದೋಣಿಯೊಂದರ ಓಕ್ ಹಲಗೆಗಳನ್ನು ಜಾರುಬಂಡಿಯ ಮೇಲೆ ಎಳೆದು ತಂದ. ಹಲಗೆಗೆ ಡಾಂಬರಿನ ವಾಸನೆ. ಅದನ್ನು ಕೊಯ್ದು, ಹೆರೆದು, ಚೌಕಟ್ಟು ಮಾಡಿದ. ಒಳಗೊಂದು ಜೋಡಿ ತೆರೆದು ಮುಚ್ಚುವ ಗಾಜಿನ ರೆಕ್ಕೆ, ಹೊರಗೊಂದು ಜೋಡಿ ರೆಕ್ಕೆ, ನಡುವೆ ಗೇಣಗಲ ಜಾಗ. ಆಮೇಲೆ ಗೋಡೆ ಒಡೆದ. ಅತ್ತೆ, "ಚಳಿಗಾಲದಲ್ಲಿ ಗೋಡೆ ಒಡೆಯೋ ಗಂಡಸನ್ನ ಎಲ್ಲೂ ಕಾಣಲಿಲ್ಲಪ್ಪ" ಎಂದು ತಲೆಗೆ ಬಟ್ಟೆ ಕಟ್ಟಿಕೊಂಡು ಒಳಕೋಣೆ ಸೇರಿದಳು.

ಅವನು ಸ್ಮಿಲ್ಯಾಳನ್ನು ಒಲೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, "ಅಲ್ಲಾಡಬೇಡ" ಎಂದ. ಚೌಕಟ್ಟನ್ನು ಗೋಡೆಯ ತೂತಿನಲ್ಲಿಟ್ಟು ಹೊರಗೆ ಹಿಮದಲ್ಲಿ ನಿಂತ. ಬೆಣೆಗೆ ಒಂದು ಏಟು ಹೊಡೆದು, "ಕಾಣ್ತಾ?" ಎಂದು ಕೂಗಿದ.

"ಇಲ್ಲ."

ಇನ್ನೊಂದು ಏಟು. "ಈಗ?"

"ಕಣಜ ಕಾಣತ್ತೆ."

"ಕಣಜ ಮದುವೆಯಾಗಿದೀಯೇನೆ? ಹೊಳೆ ಕಾಣ್ತಾ ಹೇಳು."

"ಒಂದು ಬೆರಳು."

"ಈಗ?"

"ಮೂರು ಬೆರಳು!"

"ಸಾಕು. ಇನ್ನೂ ತಿರುಗಿಸಿದ್ರೆ ಅದು ಕಿಟಕಿಯಲ್ಲ, ಬಾಗಿಲಾಗತ್ತೆ" ಎಂದು ಹೇಳಿ ಬೆಣೆ ಬಿಗಿದು, ಸುತ್ತ ಮಣ್ಣು ಮೆತ್ತಿದ.

ವಸಂತದಲ್ಲಿ ಮಂಜುಗಡ್ಡೆ ಒಡೆದು ಲಾಸ್ತಾ ಹೊರಟಿತು. ಒಂದು ದಿನ ಸ್ಮಿಲ್ಯಾ ಕೋಳಿ ಸಾರಿಟ್ಟುಕೊಂಡು ಕೂತಿದ್ದಾಗ ಮೂರು ಬೆರಳಗಲದಲ್ಲಿ ಮೊದಲು ಹೊಗೆ, ಆಮೇಲೆ ಕಪ್ಪು ಮೂಗು, ಆಮೇಲೆ ಇಡೀ ಲಾಸ್ತಾ ದಾಟಿತು. ಅವಳು ಎದ್ದವಳೇ ಕೈಯಲ್ಲಿ ಕೊಯ್ದು ಒಣಗಿಸಿದ್ದ ಶಾವಿಗೆಯನ್ನು ಕುದಿಯುವ ಸಾರಿಗೆ ಹಾಕಿದಳು. ಹಡಗು ಕಟ್ಟೆಗೆ ಬಂದು, ಹಗ್ಗ ಬಿಗಿದು, ಅವನು ಗುಡ್ಡ ಹತ್ತಿ ಬರುವಷ್ಟರಲ್ಲಿ ಶಾವಿಗೆ ಹದವಾಗಿ ಬೆಂದಿತ್ತು. ಮೆತ್ತಗೂ ಆಗಿರಲಿಲ್ಲ, ಗಟ್ಟಿಯೂ ಉಳಿದಿರಲಿಲ್ಲ. ಅವನು ಬಾಗಿಲು ತೆರೆಯುವುದಕ್ಕೂ ತಟ್ಟೆ ಮೇಜಿಗೆ ಬರುವುದಕ್ಕೂ ಸರಿಹೋಯಿತು. ಅತ್ತೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. "ಇವಳಿಗೆ ಹೆಂಗೆ ಗೊತ್ತಾಯ್ತು?" ಎಂದು ಮಗನನ್ನು ಕೇಳಿದಳು. ರಾದಿವೊಯ್ ಸಾರು ಹೀರುತ್ತ, "ಬಯಲುಸೀಮೆ ಹೆಂಗಸರಿಗೆ ಮೂಗು ಜಾಸ್ತಿ" ಎಂದುಬಿಟ್ಟ. ಆಮೇಲೆ ಅದೇ ಪದ್ಧತಿಯಾಯಿತು. ಅವನು ದುಡಿದಷ್ಟು ಕಾಲವೂ ಅವಳು ಹಡಗು ಕಾಣದೆ ಶಾವಿಗೆ ಹಾಕಲಿಲ್ಲ, ಹಾಕಿದ ಶಾವಿಗೆ ಕೆಡಲಿಲ್ಲ.

ರಾದಿವೊಯ್ ಹೊಳೆಯಲ್ಲಿ ಸಾಯಲಿಲ್ಲ. ಕೆಲಸ ಬಿಟ್ಟ ಮೇಲೆ ಮನೆಯಲ್ಲಿ, ಹಾಸಿಗೆಯಲ್ಲಿ, ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡ. ಲಾಸ್ತಾವನ್ನು ಅದಕ್ಕೂ ಮೊದಲೇ ಗುಜರಿಗೆ ಹಾಕಿದ್ದರು. ಈಗ ಬರುವುದು ಬೇರೆ ಹಡಗುಗಳು, ಬೇರೆ ದೇಶದ ಬಾವುಟಗಳು, ಯಾವುದೂ ಈ ಊರಿನ ಕಟ್ಟೆಗೆ ನಿಲ್ಲುವುದಿಲ್ಲ. ಆದರೆ ಆ ಸಂದಿನಲ್ಲಿ ಏನಾದರೂ ಕಪ್ಪಗೆ ಕಂಡರೆ ಸ್ಮಿಲ್ಯಾಳ ಕೈ ತಾನಾಗಿ ಶಾವಿಗೆಯ ಡಬ್ಬಕ್ಕೆ ಹೋಗುತ್ತಿತ್ತು. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಬೆಂದ ಮೇಲೆ ಒಂದು ಬಟ್ಟಲು ತಾನು ಉಣ್ಣುತ್ತಿದ್ದಳು, ಇನ್ನೊಂದು ಬಟ್ಟಲನ್ನು ಅಂಗಳ ದಾಟಿ ನಾದಿನಿಗೆ ಕೊಟ್ಟುಬರುತ್ತಿದ್ದಳು.

ನಾದಿನಿ ಎಂದರೆ ವಿದೊಸಾವಾ, ಎಲ್ಲರ ಬಾಯಲ್ಲಿ ವಿದಾ. ರಾದಿವೊಯ್‌ನ ತಂಗಿ. ಗಂಡ ತೀರಿದ ಮೇಲೆ ತವರಿಗೆ ಬಂದು ಅದೇ ಅಂಗಳದ ಆಚೆ ತುದಿಯ ಎರಡು ಕೋಣೆಯಲ್ಲಿ ಇದ್ದಳು. "ಇದೇನು ಅತ್ಗೆ, ಊಟದ ಹೊತ್ತಲ್ಲ, ತಿಂಡಿ ಹೊತ್ತಲ್ಲ, ಸಾರು ತಂದೀಯಾ" ಎಂದು ಗೊಣಗುತ್ತಲೇ ಬಟ್ಟಲು ಖಾಲಿ ಮಾಡುತ್ತಿದ್ದಳು. ಇಬ್ಬರು ವಿಧವೆಯರ ನಡುವೆ ದಿನಕ್ಕೊಂದು ಜಗಳ ಇರುತ್ತಿತ್ತು. ಜಗಳವಿಲ್ಲದ ದಿನ ಇಬ್ಬರಲ್ಲಿ ಒಬ್ಬರಿಗೆ ಜ್ವರ ಬಂದಿರಬೇಕು ಎಂದು ಅರ್ಥ.

ವಿದಾಳಿಗೆ ದೇವರ ಭಯಕ್ಕಿಂತ ಹೆಚ್ಚಿನ ಭಯ ಒಂದರದ್ದೇ ಇತ್ತು. ಅದು ಸಂದಿಗಾಳಿ. ಎದುರುಬದುರು ಎರಡು ಬಾಗಿಲು ತೆರೆದಿಟ್ಟರೆ ನಡುವೆ ನುಗ್ಗುತ್ತದಲ್ಲ, ಆ ಗಾಳಿ. ಆ ಊರಿನಲ್ಲಿ ಎಲ್ಲರಿಗೂ ಅದರ ಭಯವೇ. ಕತ್ತು ಹಿಡಿದರೆ ಸಂದಿಗಾಳಿ, ಹಲ್ಲು ನೋವಿಗೆ ಸಂದಿಗಾಳಿ, ಮಕ್ಕಳಾಗದಿದ್ದರೂ ಸಂದಿಗಾಳಿ. ವಿದಾಳ ಲೆಕ್ಕದಲ್ಲಿ ಯುದ್ಧಕ್ಕಿಂತ ಹೆಚ್ಚು ಜನ ಸತ್ತದ್ದು ಅದರಿಂದ. ಸ್ಮಿಲ್ಯಾಳ ಓರೆ ಕಿಟಕಿಯ ರೆಕ್ಕೆಗಳು ಈಗ ಕುಂಬಾಗಿದ್ದವು. ಶರತ್ಕಾಲದಲ್ಲಿ ಕೋಶಾವಾ ಬೀಸಿದರೆ, ಅದು ಹೊಳೆಯ ಮೇಲಿಂದ ದಿನಗಟ್ಟಲೆ ಬೀಸುವ ಗಾಳಿ, ಕಿಟಕಿ ಶಿಳ್ಳೆ ಹಾಕುತ್ತಿತ್ತು. ಸ್ಮಿಲ್ಯಾಳ ಕತ್ತು ಆ ವರ್ಷ ಹಿಡಿದದ್ದು ಬಿಡಲೇ ಇಲ್ಲ.

"ಕಿಟಕಿ ಬದಲಾಯಿಸು ಅತ್ಗೆ. ಇಲ್ಲಾಂದ್ರೆ ಒಂದಿನ ಕತ್ತು ಹಿಂಗೇ ನಿಂತುಬಿಡತ್ತೆ. ಆಮೇಲೆ ಕಿಟಕಿಯೂ ಓರೆ, ನೀನೂ ಓರೆ" ಎಂದು ವಿದಾ ಹಟ ಹಿಡಿದಳು. ಗೊಯ್ಕೊ ಮೇಸ್ತ್ರಿಯನ್ನು ಕರೆಸಿದ್ದೂ ಅವಳೇ.

ಗೊಯ್ಕೊ ದಪ್ಪ ಮೀಸೆಯ ಗಟ್ಟಿ ಆಳು. ಸುತ್ತಲಿನ ಹಳ್ಳಿಗಳಿಗೆಲ್ಲ ಪ್ಲಾಸ್ಟಿಕ್ ಕಿಟಕಿ ಕೂರಿಸಿದವನು. ಮೊದಲು ಒಂದು ಲೋಟ ರಾಕಿಯಾ ಗಂಟಲಿಗೆ ಬಿಟ್ಟುಕೊಂಡ. ಮನೆಯಲ್ಲೇ ಇಳಿಸಿದ ಹಣ್ಣಿನ ಸಾರಾಯಿ, ಅದನ್ನು ಬೇಡ ಎಂದರೆ ಕೆಲಸ ಬೇಡ ಎಂದ ಹಾಗೆ. ಆಮೇಲೆ ಟೇಪು ಹಿಡಿದು ಕಿಟಕಿಯ ಮುಂದೆ ನಿಂತು ಉಸ್ಸೆಂದ.

"ದೊಡ್ಡಮ್ಮ, ದಾರಿ ಎರಡಿದೆ. ಒಂದು, ಹಳೇ ಚೌಕಟ್ಟು ಇದ್ದ ಹಾಗೇ ಇರಲಿ, ಬರೀ ರೆಕ್ಕೆ ತೆಗೆದು ಅದರೊಳಗೆ ಹೊಸ ಕಿಟಕಿ ಕೂರಿಸ್ತೀನಿ. ಬೆಳಿಗ್ಗೆ ಬಂದ್ರೆ ಮಧ್ಯಾಹ್ನ ಮುಗೀತು. ಧೂಳಿಲ್ಲ, ಗಾರೆ ಒಡೆಯೋದಿಲ್ಲ. ಮರ ನೋಡಿ, ಓಕು, ಕಲ್ಲಿದ್ದಂಗಿದೆ."

"ಇನ್ನೊಂದು?" ಎಂದಳು ಸ್ಮಿಲ್ಯಾ.

"ಇನ್ನೊಂದು, ಎಲ್ಲಾ ಕಿತ್ತು ಗೋಡೇವರೆಗೂ ಹೋಗೋದು. ಗಾಳಿ ಸಂದು ಒಂದೂ ಉಳಿಯಲ್ಲ, ಗಾಜೂ ದೊಡ್ಡದು. ಆದ್ರೆ ಇದು ಮಣ್ಣಿನ ಗೋಡೆ. ಚೌಕಟ್ಟು ಕೀಳುವಾಗ ಎಷ್ಟು ಜೊತೆಗೆ ಬರತ್ತೋ ದೇವರಿಗೇ ಗೊತ್ತು. ಆಮೇಲೆ ಇಟ್ಟಿಗೆ, ಗಾರೆ, ಸುಣ್ಣ ಅಂತ ವಾರ ಹಿಡಿಯತ್ತೆ."

"ಕೀಳೋದೂ ಇಲ್ಲ, ಗೀಳೋದೂ ಇಲ್ಲ" ಎಂದಳು ವಿದಾ. "ನಮ್ಮಣ್ಣನ ಕೈ ಕೆಲಸ ಅದು. ಕುಡಿದು ಕೂರಿಸಿದ್ರೂ ಅಣ್ಣನ ಕೈದೇ. ಅವನ ಕೈಯಿಂದ ಆದದ್ದು ಈ ಅಂಗಳದಲ್ಲಿ ಇನ್ನೇನು ಉಳಿದಿದೆ? ಒಂದು ಕೋಳಿಗೂಡು, ಅದಕ್ಕೂ ನರಿ ತೂತು ಮಾಡಿದೆ."

ಸ್ಮಿಲ್ಯಾ ಓಕ್ ಮರದ ಮೇಲೆ ಕೈಯಾಡಿಸಿದಳು. ಅವನು ಹತ್ತರಿ ತಳ್ಳಿದ ಗುರುತು ಒಂದು ಕಡೆ ಇನ್ನೂ ಬೆರಳಿಗೆ ಸಿಗುತ್ತಿತ್ತು. ಒಂದು ಮೂಲೆಯಲ್ಲಿ ದೋಣಿಯ ಹಳೆಯ ಮೊಳೆಯ ತೂತು ಇತ್ತು, ಬಿಸಿಲು ಹೆಚ್ಚಾದ ದಿನ ಅದು ಇವತ್ತಿಗೂ ಡಾಂಬರು ಬೆವರುತ್ತಿತ್ತು. "ಸರಿ, ಚೌಕಟ್ಟು ಇರಲಿ" ಎಂದಳು.

ಹೋಗುವಾಗ ಗೊಯ್ಕೊ ಬಾಗಿಲಲ್ಲಿ ನಿಂತು, "ಒಂದು ಮಾತು ದೊಡ್ಡಮ್ಮ. ಚೌಕಟ್ಟಿನೊಳಗೆ ಚೌಕಟ್ಟು ಅಂದ್ರೆ ಗಾಜು ಸಣ್ಣದಾಗತ್ತೆ. ಸುತ್ತಲೂ ನಾಲ್ಕು ಬೆರಳು ಹೋಗತ್ತೆ ಅಂದ್ಕೊಳಿ. ಆಮೇಲೆ ಗೊಯ್ಕೊ ಹೇಳಲಿಲ್ಲ ಅನ್ನಬಾರದು" ಎಂದ.

ನಾಲ್ಕು ಬೆರಳು ಎಂದಾಗ ಸ್ಮಿಲ್ಯಾಳಿಗೆ ಏನೂ ಅನಿಸಲಿಲ್ಲ. ಅವನು ಹೋಗಿ, ಲೋಟ ತೊಳೆದು, ಕುರ್ಚಿಯಲ್ಲಿ ಕೂತ ಮೇಲೆ ಅನಿಸಿತು. ಎದ್ದು ಮೈದಾ ಹಿಟ್ಟಿನ ಅಂಟು ಕಲಸಿದಳು. ಹಳೆಯ ಪೇಪರನ್ನು ತನ್ನ ನಾಲ್ಕು ಬೆರಳಗಲಕ್ಕೆ ಪಟ್ಟಿಯಾಗಿ ಹರಿದು ಗಾಜಿನ ಸುತ್ತಲೂ ಅಂಟಿಸಿದಳು. ಬಂದು ಕೂತಳು.

ಕಣಜ ಇತ್ತು. ಆಕಾಶ ಇತ್ತು. ಹೊಳೆ ಇರಲಿಲ್ಲ.

ಕುರ್ಚಿಯನ್ನು ಬಲಕ್ಕೆ ಎಳೆದು ಕೂತಳು. ಒಂದು ಎಳೆಯಷ್ಟು ಹೊಳೆ ಬಂತು, ಆದರೆ ಒಲೆ ಕೈಗೆ ಸಿಗದಷ್ಟು ದೂರವಾಯಿತು. ಇನ್ನೂ ಎಳೆದರೆ ಬೆನ್ನು ಕಪಾಟಿಗೆ ಬಡಿಯಿತು. ಕಾಣುವ ಕಡೆ ಒಲೆ ಇಲ್ಲ, ಒಲೆ ಇರುವ ಕಡೆ ಕಾಣುವುದಿಲ್ಲ. ಮತ್ತೆ ಕುರ್ಚಿಯನ್ನು ಮೊದಲಿನ ಜಾಗಕ್ಕೇ ತಂದಿಟ್ಟು ಸುಮ್ಮನೆ ಕೂತಳು. ಚೌಕಟ್ಟು ಉಳಿಸಿಕೊಂಡರೆ ಅವನ ಕೈ ಉಳಿಯುತ್ತದೆ. ಆ ಕೈ ಯಾತಕ್ಕೆ ಆ ಚಳಿಯಲ್ಲಿ ಬೆಣೆ ಬಡಿಯಿತೋ ಅದು ಹೋಗುತ್ತದೆ. ಎರಡೂ ಬೇಕು ಎಂದು ಅವಳಿಗನಿಸಿತು. ಅವನು ಬದುಕಿದ್ದಾಗಲೂ ಎರಡೂ ಒಟ್ಟಿಗೆ ಇರಲಿಲ್ಲ. ಅವನು ಮನೆಯಲ್ಲಿದ್ದಾಗ ಕಾಯುವುದಿರಲಿಲ್ಲ, ಕಾಯುವಾಗ ಅವನಿರಲಿಲ್ಲ. ಹೆಚ್ಚು ದಿನ ಅವಳ ಜೊತೆ ಸಂಸಾರ ಮಾಡಿದ್ದು ಆ ಕಾಯುವುದೇ. ಅದನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಾಗಲಿಲ್ಲ.

ಬೆಳಿಗ್ಗೆ ವಿದಾ ಬಂದವಳು ಕಿಟಕಿ ನೋಡಿ ಬಾಗಿಲಲ್ಲೇ ನಿಂತಳು. "ಏನಿದು, ಗಾಜಿಗೆ ಪೇಪರ್ ಅಂಟಿಸಿದೀಯ? ಮತ್ತೆ ಬಾಂಬು ಬೀಳೋ ಯುದ್ಧ ಬಂತಾ?"

"ಗೊಯ್ಕೊಗೆ ಫೋನ್ ಮಾಡಿದೆ. ಎಲ್ಲಾ ಕಿತ್ತೇ ಹಾಕ್ಲಿ."

"ಏನು ಕೀಳೋದು?"

"ಚೌಕಟ್ಟು."

ವಿದಾಳ ಮುಖ ಹಾಲು ಒಡೆದ ಹಾಗಾಯಿತು. "ನಿನ್ನೆ ತಲೆ ಆಡಿಸಿದೆ, ಇವತ್ತು ಕಿತ್ತು ಬಿಸಾಕು ಅಂತೀಯ. ಯಾಕೆ ಅಂತ ಹೇಳು."

"ಗಾಜು ಸಣ್ಣದಾಗತ್ತೆ."

"ಗಾಜು! ಆ ಕಣಜ ನೋಡೋಕೆ ನಿಂಗೆ ಅಷ್ಟು ದೊಡ್ಡ ಗಾಜು ಬೇಕಾ? ಅಣ್ಣನ ಮರಕ್ಕಿಂತ ಪಕ್ಕದ ಮನೆ ಜೋಳ ಹೆಚ್ಚಾಯ್ತಾ?"

ಸ್ಮಿಲ್ಯಾ ಗಾಜಿನ ಮೇಲಿನ ಪೇಪರ್ ಪಟ್ಟಿ ಕೀಳತೊಡಗಿದಳು. ಏನಂತ ಹೇಳಬೇಕು? ಸತ್ತವನಿಗೆ ಶಾವಿಗೆ ಹಾಕುತ್ತೇನೆ ಎಂದೇ? ಊರವರ ಬಾಯಿಗೆ ಬಿದ್ದರೆ ಓರೆ ಕಿಟಕಿಯ ಜೊತೆ ಓರೆ ತಲೆ ಎಂಬ ಮಾತೂ ಸೇರುತ್ತದೆ. ಅದಕ್ಕಿಂತ ಹೆಚ್ಚಾಗಿ, ಅದನ್ನು ಬಾಯಿಬಿಟ್ಟು ಹೇಳಿದರೆ ಕೈಗೂ ತಿಳಿದುಹೋಗುತ್ತದೆ ಎಂಬ ಹೆದರಿಕೆ ಅವಳಿಗೆ. ಆಮೇಲೆ ಹಡಗು ಬಂದರೂ ಕೈ ಏಳದಿದ್ದರೆ?

ವಿದಾ ಮಾತು ಬಿಟ್ಟಳು. ಕಿಟಕಿ ಕಾರ್ಖಾನೆಯಿಂದ ಬರುವವರೆಗೂ ಬಿಟ್ಟೇ ಇದ್ದಳು. ಸ್ಮಿಲ್ಯಾ ಸಾರಿನ ಬಟ್ಟಲು ತೆಗೆದುಕೊಂಡು ಹೋಗಿ ಮೆಟ್ಟಿಲ ಮೇಲಿಟ್ಟು ಬಂದರೆ, ಸಂಜೆಗೆ ಅದೇ ಬಟ್ಟಲು ಮೇಲೊಂದು ತಟ್ಟೆ ಮುಚ್ಚಿಕೊಂಡು ಸ್ಮಿಲ್ಯಾಳ ಮೆಟ್ಟಿಲಿಗೆ ವಾಪಸ್ ಬಂದಿರುತ್ತಿತ್ತು. ಶಾವಿಗೆ ಸಾರನ್ನೆಲ್ಲ ಕುಡಿದು ಹುಳುವಿನ ಹಾಗೆ ಉಬ್ಬಿರುತ್ತಿತ್ತು. ಪ್ರತಿ ವರ್ಷ ಎರಡು ಗಾಜುಗಳ ನಡುವಿನ ಗೇಣಗಲ ಜಾಗದಲ್ಲಿ ಸಾಲಾಗಿ ದುನ್ಯಾ ಹಣ್ಣು ಇಡುತ್ತಿದ್ದರು. ಚಳಿಗಾಲವಿಡೀ ಹಳದಿಯಾಗಿ ಘಮಘಮಿಸುವ ಹಣ್ಣು. ವಿದಾಳ ಮರದ್ದೇ. ಆ ವರ್ಷ ವಿದಾ ಇನ್ನೂ ಹಣ್ಣು ಕೊಟ್ಟಿರಲಿಲ್ಲ, ಇಡುವ ಜಾಗವೂ ಹೋಗಲಿತ್ತು.

ಕೆಲಸದ ದಿನ ಗೊಯ್ಕೊ ತನ್ನ ಷಡ್ಡಕನನ್ನು ಜೊತೆಗೆ ಕರೆತಂದ. ಆ ಷಡ್ಡಕ ಬಾಯಿಬಿಡದ ಆಸಾಮಿ, ಬಾಯಿಯ ಕೆಲಸವನ್ನೆಲ್ಲ ಗೊಯ್ಕೊಗೆ ಗುತ್ತಿಗೆ ಕೊಟ್ಟವನ ಹಾಗಿದ್ದ. ಕೋಶಾವಾ ಬೀಸುತ್ತಿತ್ತು. ಇಬ್ಬರೂ ಗಾರೆ ಕೆತ್ತಲು ಶುರುಮಾಡಿದಾಗ ಅಂಗಳದ ಬಾಗಿಲು ಧಡ್ ಎಂದು ತೆರೆಯಿತು. ವಿದಾ ಬಂದಳು. ಕತ್ತಿಗೆ ಉಣ್ಣೆಯ ಶಾಲು, ತಲೆಗೆ ಬಟ್ಟೆ, ಕಂಕುಳಲ್ಲಿ ಒಂದು ದಪ್ಪ ಕಂಬಳಿ.

"ಕೋಪ ಬೇರೆ, ಗಾಳಿ ಬೇರೆ" ಎಂದಳು, ಸ್ಮಿಲ್ಯಾಳ ಮುಖ ನೋಡದೆ ಗೋಡೆಗೆ ಹೇಳುವಂತೆ. ಇನ್ನೊಂದು ಶಾಲನ್ನು ಅತ್ತಿಗೆಯ ಕತ್ತಿಗೆ ಎರಡು ಸುತ್ತು ಬಿಗಿದಳು. "ಮೇಸ್ತ್ರಿ, ಚೌಕಟ್ಟಿಗೆ ಗರಗಸ ಹಾಕಿದ್ರೆ ನಿನ್ನ ಮೀಸೆಗೂ ಹಾಕ್ತೀನಿ. ಇಡಿಯಾಗಿ ತೆಗಿ."

"ಇಡಿಯಾಗಿ ತೆಗೆದ್ರೆ ಗೋಡೆ ಬರತ್ತೆ ವಿದಾ ಚಿಕ್ಕಮ್ಮ."

"ಗೋಡೆ ನಿಮ್ಮಪ್ಪ ಕಟ್ಟಿದ್ದಲ್ಲ, ನಮ್ಮಪ್ಪ ಕಟ್ಟಿದ್ದು. ಬರಲಿ."

ಹಾರೆ ಹಾಕಿ ಮೀಟಿದರು. ಓಕ್ ಚೌಕಟ್ಟು ಮೊದಲು ನರಳಿತು, ಆಮೇಲೆ ಒಂದು ಬುಟ್ಟಿ ಮಣ್ಣಿನ ಸಮೇತ ಅಂಗಳಕ್ಕೆ ಇಳಿಯಿತು. ವಿದಾ ಅದನ್ನು ಬರಿಗೈಯಲ್ಲಿ ಒರೆಸಿ, ಷಡ್ಡಕನ ಕೈಲಿ ಹೊರಿಸಿಕೊಂಡು ತನ್ನ ಕಡೆಯ ಗೋಡೆಗೆ ಒರಗಿಸಿ ಬಂದಳು. ಬಂದವಳೇ ಒಳಗಿನಿಂದ ತೂತಿಗೆ ಕಂಬಳಿ ಹೊಡೆದುಬಿಟ್ಟಳು, ಮೂಲೆಗೊಂದು ಮೊಳೆ. "ಹೊರಗಿಂದ ಏನು ಮಾಡ್ಕೋತೀರೋ ಮಾಡ್ಕೊಳಿ. ಒಳಗೆ ಎರಡು ಮುದುಕಿಯರಿದೀವಿ. ಈ ಗಾಳಿ ತಗಲಿದ್ರೆ ಸಂಜೆಗೆ ಎರಡು ಹೆಣ."

ಸ್ಮಿಲ್ಯಾ ಕುರ್ಚಿಯಲ್ಲಿ ಕೂತಿದ್ದಳು. ಮುಂದೆ ಕಂಬಳಿ. ಕಂಬಳಿಯ ಆಚೆ ಬೆಣೆ ಬಡಿಯುವ ಸದ್ದು. ಟಕ್, ಟಕ್. ಅದೇ ಸದ್ದು. ಆಗ ಏಟಿಗೊಂದು ಪ್ರಶ್ನೆ ಬರುತ್ತಿತ್ತು. ಈಗ ಏಟಿನ ಮೇಲೆ ಏಟು, ನಡುವೆ ಗೊಯ್ಕೊನ ಗುನುಗು. ಅವಳಿಗೆ ನಿದ್ದೆ ಬಂದ ಹಾಗಾಯಿತು, ನಿದ್ದೆಯಲ್ಲ ಅದು.

"ಆಯ್ತು! ಕಂಬಳಿ ತೆಗೀರಿ, ಹೊಸ ಮದುವಣಗಿತ್ತಿ ಮುಖ ನೋಡಿ" ಎಂದು ಗೊಯ್ಕೊ ಕೂಗಿದ.

ವಿದಾ ಕಂಬಳಿ ಎಳೆದಳು. ಬೆಳ್ಳಗೆ ಫಳಫಳ ಹೊಳೆಯುವ ಕಿಟಕಿ. ಗಾಜು ಇದೆಯೋ ಇಲ್ಲವೋ ಎನ್ನುವಷ್ಟು ಶುಭ್ರ. ಅದರ ತುಂಬ ಅಂಚಿನಿಂದ ಅಂಚಿಗೆ ಪಕ್ಕದ ಮನೆಯ ಕಣಜ. ಒಂದು ತೆನೆಯೂ ತಪ್ಪದ ಹಾಗೆ.

ಗೊಯ್ಕೊ ರಸಮಟ್ಟವನ್ನು ಅಡಿಪಟ್ಟಿಯ ಮೇಲಿಟ್ಟು ತೋರಿಸಿದ. ಗುಳ್ಳೆ ನಟ್ಟನಡುವೆ ನಿಂತಿತ್ತು. "ನೋಡಿ ದೊಡ್ಡಮ್ಮ. ಗೋಡೆಗೆ ಸಮ, ನೆಲಕ್ಕೆ ಸಮ. ನಿಮ್ಮ ಮನೆ ಕಿಟಕಿ ಇವತ್ತು ನೆಟ್ಟಗಾಯ್ತು. ಇನ್ನು ಯಾವನೂ ನಗಲ್ಲ." ಷಡ್ಡಕ ಆಗಲೇ ನೊರೆ ತುಂಬುವ ಗನ್ನು ಅಲ್ಲಾಡಿಸುತ್ತಿದ್ದ. ಆ ನೊರೆ ಸಂದಿಗೆ ಹೋಗಿ ಗಟ್ಟಿಯಾದರೆ ಮುಗಿಯಿತು, ಮತ್ತೆ ಅಲುಗುವುದಿಲ್ಲ.

"ನಿಲ್ಲು" ಎಂದಳು ಸ್ಮಿಲ್ಯಾ. "ಓರೆ ಮಾಡು."

"ಏನಂದ್ರಿ?"

"ಮೊದಲು ಹೆಂಗಿತ್ತೋ ಹಂಗೆ. ಎಡಗಡೆ ಒಳಕ್ಕೆ."

ಗೊಯ್ಕೊ ವಿದಾಳ ಕಡೆ ನೋಡಿದ. ಆಮೇಲೆ ರಾಕಿಯಾದ ಶೀಷೆಯ ಕಡೆ ನೋಡಿದ. "ದೊಡ್ಡಮ್ಮ, ನನಗೂ ಹೊಟ್ಟೆಪಾಡಿದೆ. ಬೀದಿಲಿ ಹೋಗೋರು ನೋಡಿ, ಗೊಯ್ಕೊ ಕುಡಿದು ಕೂರಿಸಿದಾನೆ ಅಂತಾರೆ. ಓರೆ ಬೇಡ ಅಂತಾನೇ ಅಲ್ವಾ ಎಲ್ಲಾ ಕಿತ್ತಿದ್ದು?"

"ಗಾಜು ಸಣ್ಣದಾಗತ್ತೆ ಅಂತ ಕಿತ್ತಿದ್ದು."

"ಗಾಜು ದೊಡ್ಡದಾಯ್ತಲ್ಲ!"

"ಅತ್ಗೆ" ಎಂದಳು ವಿದಾ. ಇಷ್ಟು ದಿನದ ಮೇಲೆ ಮೊದಲ ಸಲ ನೇರವಾಗಿ ಮುಖ ನೋಡಿದಳು. "ಅಣ್ಣನ ಚೌಕಟ್ಟು ಬೇಡ ಅಂದೆ, ಅಣ್ಣನ ಓರೆ ಬೇಕು ಅಂತೀಯ. ನಂಗೆ ತಲೆ ಕೆಡ್ತಿದೆ. ಇವತ್ತು ಹೇಳದೆ ಇದ್ರೆ ನಾನು ಈ ನೊರೆ ಡಬ್ಬಿ ನನ್ನ ಬಾಯಿಗೇ ಹಿಡ್ಕೋತೀನಿ."

ಷಡ್ಡಕ ಗನ್ನು ಕೆಳಗಿಟ್ಟ.

ಸ್ಮಿಲ್ಯಾ ಹೇಳಿದಳು. ಕಣಜವನ್ನು ನೋಡುತ್ತ, ಅದಕ್ಕೇ ಹೇಳುವ ಹಾಗೆ ಹೇಳಿದಳು. ಹೆಪ್ಪುಗಟ್ಟಿದ ಹೊಳೆ, ಕುರ್ಚಿ, ಬೆಣೆ, ಮೂರು ಬೆರಳು, ಶಾವಿಗೆ. "ಅವರು ಕುಡಿದಿರ್ಲಿಲ್ಲ ವಿದಾ. ಅವತ್ತು ಅವರ ಕೈಯಷ್ಟು ನೆಟ್ಟಗೆ ಯಾವತ್ತೂ ಇರ್ಲಿಲ್ಲ. ನಗೋರು ನಗಲಿ, ನೀನು ನೋಡ್ತಾ ಇರು ಅಂದ್ರು. ಈಗಲೂ ಹಡಗು ಕಂಡ್ರೆ ಕೈ ನಿಲ್ಲಲ್ಲ ಕಣೆ."

ಅಡುಗೆಮನೆಯಲ್ಲಿ ಗಾಳಿ ಮಾತ್ರ ಓಡಾಡಿತು. ಯಾರೂ ಬಾಗಿಲು ಮುಚ್ಚಲಿಲ್ಲ. ವಿದಾ ಕೂಡ ಮುಚ್ಚಲಿಲ್ಲ.

"ಅಂದ್ರೆ..." ಎಂದಳು ವಿದಾ ಕೊನೆಗೆ. "ಹೊತ್ತಲ್ಲದ ಹೊತ್ತಿಗೆ ನೀನು ತಂದುಕೊಡೋ ಸಾರು..."

"ಅವರ ಪಾಲು."

"ಇಷ್ಟು ವರ್ಷ ನಾನು ಅಣ್ಣನ ಬಟ್ಟಲಲ್ಲಿ ಉಣ್ತಾ ಇದ್ನಾ?"

"ಇನ್ಯಾರಿಗೆ ಕೊಡ್ಲಿ? ಅವರ ಮೂಗು, ಅವರ ಗೊಣಗಾಟ ಎರಡೂ ನಿಂಗೇ ಇರೋದು."

ವಿದಾ ಶಾಲಿನ ತುದಿಯಿಂದ ಮುಖ ಒರೆಸಿಕೊಂಡಳು. "ಉಪ್ಪು ಕಮ್ಮಿ ಹಾಕ್ತೀಯ. ಅಣ್ಣಂಗೂ ಅದೇ ದೂರು ಇತ್ತು" ಎಂದವಳು ಗೊಯ್ಕೊ ಮೇಲೆ ತಿರುಗಿದಳು. "ಏನು ನೋಡ್ತಾ ನಿಂತೀಯೋ? ಬೆಣೆ ತೆಗಿ! ಯಾರಾದ್ರೂ ಕೇಳಿದ್ರೆ ವಿದಾ ಕುಡಿದಿದ್ಲು, ಅವಳೇ ಮಾಡಿಸಿದ್ಲು ಅನ್ನು."

ಅವಳೇ ಅಂಗಳಕ್ಕೆ ಇಳಿದು ಕಿಟಕಿಯ ಎಡಕ್ಕೆ ನಿಂತಳು. ಎದುರುಬದುರು ಎಲ್ಲ ಬಾಗಿಲೂ ತೆರೆದಿದ್ದವು. ಕೋಶಾವಾ ಅವಳ ತಲೆಬಟ್ಟೆಯನ್ನು ಹಾರಿಸಿ ಕತ್ತಿಗೆ ಸುತ್ತಿತು. ಅವಳು ಗಮನಿಸಲಿಲ್ಲ. ಗೊಯ್ಕೊ ಬೆಣೆ ಸಡಿಲಿಸಿ ಒಂದು ಏಟು ಹಾಕಿದ.

"ಕಾಣ್ತಾ?" ಎಂದು ವಿದಾ ಹೊರಗಿನಿಂದ ಕೂಗಿದಳು.

ಅಣ್ಣನ ಗಂಟಲೇ ಅದು. ಹೆಣ್ಣು ಗಂಟಲು, ಆದರೆ ಅದೇ ಎಳೆತ, ಕೊನೆಯಲ್ಲಿ ಅದೇ ಅವಸರ. ಸ್ಮಿಲ್ಯಾಳಿಗೆ ಇದುವರೆಗೆ ತಿಳಿದೇ ಇರಲಿಲ್ಲ. ದಿನಾ ಜಗಳವಾಡಿದವಳ ಧ್ವನಿಯನ್ನು ಯಾರು ಕೇಳಿಸಿಕೊಳ್ಳುತ್ತಾರೆ? ಹೊಳೆ ನೋಡುವುದನ್ನು ಬಿಟ್ಟು ದನಿ ಬಂದ ಕಡೆಗೆ ಕತ್ತು ತಿರುಗಿಸಿದಳು.

"ಅತ್ಗೆ, ಸತ್ತೋದ್ಯಾ? ಕಾಣ್ತಾ?"

"ಇಲ್ಲ."

ಟಕ್. "ಈಗ?"

"ಒಂದು ಬೆರಳು."

ಟಕ್. ಟಕ್. "ಈಗ?"

ಸ್ಮಿಲ್ಯಾ ಕೈ ಮುಂದೆ ಚಾಚಿ, ಒಂದು ಕಣ್ಣು ಮುಚ್ಚಿ, ಬೆರಳು ಹಿಡಿದು ನೋಡಿದಳು. ಬೆರಳಿನ ಆಚೆ ಬೂದು ಬಣ್ಣದ ನೀರು, ಗಾಳಿಗೆ ಎದ್ದ ಬಿಳಿ ನೊರೆ.

"ಮೂರು" ಎಂದಳು.

"ಇದರ ಚೌಕಟ್ಟು ಹಳೇದಕ್ಕಿಂತ ತೆಳು ದೊಡ್ಡಮ್ಮ" ಎಂದ ಗೊಯ್ಕೊ. ಅವನ ದನಿ ಈಗ ಮೆತ್ತಗಾಗಿತ್ತು. "ಒಂದೇಟು ಹಾಕಿದ್ರೆ ನಾಲ್ಕನೇ ಬೆರಳೂ ಬರತ್ತೆ, ಐದನೇದೂ ಬರಬಹುದು. ಹಾಕ್ಲಾ?"

"ಬೇಡ ಮಗ. ಮೂರೇ ಸಾಕು. ಇನ್ನೂ ತಿರುಗಿಸಿದ್ರೆ ಬಾಗಿಲಾಗತ್ತೆ."

ನೊರೆ ತುಂಬಿದರು. ಉದುರಿದ ಗೋಡೆಗೆ ಇಟ್ಟಿಗೆ ಕೂರಿಸಿ ಗಾರೆ ಬಳಿದರು. ಗಾರೆ ಒಣಗಲು ಆ ವಾರವೆಲ್ಲ ಹಿಡಿಯಿತು. ಬೀದಿಯವರು ಬಂದು ನೋಡಿ, ಹೊಸ ಕಿಟಕಿಯೂ ಓರೆ ಎಂದು ಹೊಟ್ಟೆ ಹಿಡಿದು ನಕ್ಕು ಹೋದರು. ವಿದಾ ಅವರ ಜೊತೆ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕಳು, ಅವಳ ಅಣ್ಣ ನಗುತ್ತಿದ್ದ ಹಾಗೆ.

ಕಿಟಕಿ ಬಿಗಿ. ಬೆಣ್ಣೆ ಡಬ್ಬಿಯ ಮುಚ್ಚಳದಷ್ಟು ಬಿಗಿ. ಕೋಶಾವಾ ಹೊರಗೆ ಎಷ್ಟೇ ಕುಣಿದರೂ ಒಳಗೆ ಪರದೆ ಅಲ್ಲಾಡುವುದಿಲ್ಲ. ಶಿಳ್ಳೆ ಇಲ್ಲ. ಸ್ಮಿಲ್ಯಾಳ ಕತ್ತು ಬಿಟ್ಟಿತು. ದುನ್ಯಾ ಹಣ್ಣುಗಳು ಈಗ ಕಪಾಟಿನ ಮೇಲೆ ಕೂತಿವೆ, ವಿದಾ ತಾನೇ ತಂದು ಜೋಡಿಸಿದಳು. ವಸಂತ ಬಂದಾಗ ಓಕ್ ಚೌಕಟ್ಟನ್ನು ನೆಲದ ಮೇಲೆ ಮಲಗಿಸಿ, ಒಳಗೆ ಗೊಬ್ಬರದ ಮಣ್ಣು ತುಂಬಿ, ಮೇಲೆ ಹಳೆಯ ಗಾಜಿನ ರೆಕ್ಕೆ ಮುಚ್ಚಿ, ಮೆಣಸಿನ ಸಸಿಮಡಿ ಮಾಡಿದ್ದಳು. "ಅಣ್ಣ ಸತ್ತಮೇಲೂ ದುಡೀತಿದಾನೆ ನೋಡು" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು.

ಒಂದು ಕೊರತೆ ಮಾತ್ರ ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ. ಹೊಸ ಗಾಜಿನಲ್ಲಿ ಹಡಗು ಕಾಣುತ್ತದೆ, ಕೇಳುವುದಿಲ್ಲ. ಮೊದಲ ಸಲ ಅದು ಮೂರು ಬೆರಳಗಲದಲ್ಲಿ ಮೀನಿನ ಹಾಗೆ ಸದ್ದಿಲ್ಲದೆ ದಾಟಿದಾಗ ಸ್ಮಿಲ್ಯಾಳ ಕೈ ಶಾವಿಗೆಯ ಡಬ್ಬದ ಮೇಲೆ ಹಾಗೇ ನಿಂತುಬಿಟ್ಟಿತು. ಎದ್ದುಹೋಗಿ ಹಿಡಿ ತಿರುಗಿಸಿ ರೆಕ್ಕೆಯನ್ನು ಒಂದಂಗುಲ ತೆರೆದಳು. ಹೊಳೆಯ ವಾಸನೆ ಬಂತು, ಅದರ ಹಿಂದೆ ದೂರದಿಂದ ಎಂಜಿನ್ನಿನ ದುಡುದುಡು. ಕೈ ತಾನಾಗಿ ಡಬ್ಬಕ್ಕೆ ಇಳಿಯಿತು.

ಅಂದಿನಿಂದ ಹಾಗೆಯೇ. ಹಡಗು ಕಂಡರೆ ಮೊದಲು ಕಿಟಕಿ, ಆಮೇಲೆ ಶಾವಿಗೆ. ಸಸಿಮಡಿಯ ಹತ್ತಿರ ಬಗ್ಗಿ ಕೂತ ವಿದಾ ಕಿಟಕಿಯ ಬಿಳಿ ರೆಕ್ಕೆ ಅಲುಗಿದ್ದನ್ನು ಕಾಣುತ್ತಾಳೆ.

"ಅತ್ಗೆ! ಗಾಳಿ! ಇಷ್ಟು ಖರ್ಚು ಮಾಡಿ ಬಿಗಿ ಮಾಡ್ಸಿದ್ದು ತೆರೆದಿಡೋಕಾ?"

"ಹಡಗು ದಾಟಲಿ ಇರೇ."

ಸದ್ದು ಕಟ್ಟೆಯ ಹತ್ತಿರ ಬರುತ್ತದೆ. ಅಲ್ಲಿ ಅದು ಇಳಿಯಬೇಕು, ಎಂಜಿನ್ನು ನಿಧಾನವಾಗಬೇಕು, ಹಗ್ಗ ಬೀಳುವ ಸದ್ದಾಗಬೇಕು. ಸ್ಮಿಲ್ಯಾ ಸೌಟು ಎತ್ತಿ ಹಿಡಿದು ಅಷ್ಟು ಹೊತ್ತು ಕಿವಿಗೊಡುತ್ತಾಳೆ. ಸದ್ದು ಇಳಿಯುವುದಿಲ್ಲ. ಅದೇ ವೇಗದಲ್ಲಿ ಕೆಳಗಿನ ಊರುಗಳ ಕಡೆಗೆ ಹೋಗಿ ಕರಗುತ್ತದೆ. ಗುಡ್ಡದ ಮೆಟ್ಟಿಲಲ್ಲಿ ಯಾರ ಹೆಜ್ಜೆಯೂ ಇಲ್ಲ.

ಆಮೇಲೆ ಅಂಗಳದಲ್ಲಿ ಹೆಜ್ಜೆ ಸದ್ದು. ಮಣ್ಣಿನ ಕೈಯನ್ನು ಒರೆಸಿಕೊಳ್ಳುತ್ತ, ಕತ್ತಿಗೆ ಶಾಲು ಬಿಗಿಯುತ್ತ ವಿದಾ ಬಾಗಿಲು ನೂಕುತ್ತಾಳೆ. ಮೊದಲು ಕಿಟಕಿ ಮುಚ್ಚುತ್ತಾಳೆ, ಆಮೇಲೆ ಅಣ್ಣನ ಕುರ್ಚಿ ಎಳೆದುಕೊಂಡು ಕೂರು​ತ್ತಾಳೆ. ಅವಳು ಕೂರುವುದಕ್ಕೂ ತಟ್ಟೆ ಮೇಜಿಗೆ ಬರುವುದಕ್ಕೂ ಸರಿಹೋಗುತ್ತದೆ. ಶಾವಿಗೆ ಹದವಾಗಿ ಬೆಂದಿರುತ್ತದೆ.